ಊರಿಗೆ ಟವರ್ ಇದೆ, ಬೋರಿಗಿಲ್ಲ

ಫೋನ್ ಬಂದಾಗ ರಾತ್ರಿ ಒಂದೂ ಮುಕ್ಕಾಲು. ಆ ಹೊತ್ತಿನಲ್ಲಿ ನನಗೆ ಫೋನ್ ಬಂತೆಂದರೆ ಯಾರದೋ ಮೋಟರ್ ಸುಟ್ಟಿರುತ್ತದೆ, ಇಲ್ಲವೇ ಯಾರದೋ ಮೋಟರ್ ಆನ್ ಆಗುತ್ತಿರುವುದಿಲ್ಲ.

"ತ್ರೀ ಫೇಸ್ ಬಂದು ಅರ್ಧ ಗಂಟೆ ಆಯ್ತು ಕಣಪ್ಪಾ. ಡಬ್ಬಕ್ಕೆ ಫೋನ್ ಹೊಡೀತಾನೇ ಇದೀನಿ, ವ್ಯಾಪ್ತಿ ಪ್ರದೇಶದಿಂದ ಹೊರಗಿದಾರೆ ಅಂತೈತೆ. ನಾನೇ ಹೋಗಿ ಹಾಕ್ಬರ್ಲಾ?"

"ಬೇಡಿ ದೊಡ್ಡಪ್ಪ, ಒಂದು ರಾತ್ರಿ ನೀರು ಬಿಡದಿದ್ರೆ ತೆಂಗು ಒಣಗಲ್ಲ. ಬೆಳಿಗ್ಗೆ ನಾನೇ ಬರ್ತೀನಿ" ಎಂದೆ.

ಅವರು ನನ್ನ ಸ್ವಂತ ದೊಡ್ಡಪ್ಪ ಅಲ್ಲ. ನನ್ನ ತಂದೆಯ ಜೊತೆಗಾರರು, ಅರವತ್ತೆಂಟು ವರ್ಷ. ಊರಿನಿಂದ ಅವರ ತೋಟ ಒಂದೂವರೆ ಕಿಲೋಮೀಟರ್. ಕೆರೆ ಕೋಡಿ ದಾಟಿ, ಎರಡೂ ಕಡೆ ಲಾಂಟಾನ ಬೆಳೆದ ಓಣಿಯಲ್ಲಿ ನಡೆಯಬೇಕು. ಹಿಂದಿನ ತಿಂಗಳಷ್ಟೇ ಅದೇ ಓಣಿಯಲ್ಲಿ ಚಿರತೆ ಒಂದು ನಾಯಿಯನ್ನು ಹೊತ್ತೊಯ್ದಿತ್ತು. ನಾನು ಬೇಡವೆಂದರೂ ಅವರು ಟಾರ್ಚ್ ಹಿಡಿದು ಹೋಗಿ ಮೋಟರ್ ಹಾಕಿ ಬಂದಿದ್ದರು ಎಂಬುದು ಬೆಳಿಗ್ಗೆ ಗೊತ್ತಾಯಿತು. ಒಂಬತ್ತು ಸಾವಿರ ಕೊಟ್ಟು ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡದ್ದೇ ಆ ನಡಿಗೆ ತಪ್ಪಲಿ ಎಂದು.

ಹುಳಿಯಾರಿನಲ್ಲಿ ನಾನು ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟು 22 ವರ್ಷವಾಯಿತು. ಹತ್ತು ವರ್ಷದಿಂದ ಈ ಮೊಬೈಲ್ ಸ್ಟಾರ್ಟರ್ ಕೂರಿಸುವುದು, ರಿಪೇರಿ ಮಾಡುವುದೂ ಸೇರಿಕೊಂಡಿದೆ. ಪೇಟೆಯ ಓದುಗರಿಗಾಗಿ ಹೇಳುತ್ತೇನೆ: ಬೋರಿನ ಪ್ಯಾನಲ್ ಬೋರ್ಡಿನೊಳಗೆ ಅಂಗೈ ಅಗಲದ ಒಂದು ಡಬ್ಬ. ಅದರೊಳಗೊಂದು ಸಿಮ್. ಮನೆಯಲ್ಲಿ ಕುಳಿತು ಆ ನಂಬರಿಗೆ ಫೋನ್ ಮಾಡಿ 1 ಒತ್ತಿದರೆ ಮೋಟರ್ ಓಡುತ್ತದೆ, ಇನ್ನೊಂದು ಅಂಕಿ ಒತ್ತಿದರೆ ನಿಲ್ಲುತ್ತದೆ. ಕರೆಂಟು ಬಂದರೆ, ಹೋದರೆ, ಒಂದು ಫೇಸ್ ತಪ್ಪಿದರೆ, ಬೋರಿನಲ್ಲಿ ನೀರಿಲ್ಲದೆ ಮೋಟರ್ ಒಣಗಿ ತಿರುಗಿದರೆ ಅದೇ ಫೋನ್ ಮಾಡಿ ತಿಳಿಸುತ್ತದೆ. ಕನ್ನಡದಲ್ಲೇ ಹೇಳುತ್ತದೆ. ಪುಣೆಯ ಸಂತೋಷ್ ಓಸ್ತ್ವಾಲ್ ಅವರು ನ್ಯಾನೋ ಗಣೇಶ್ ಎಂಬ ಹೆಸರಿನಲ್ಲಿ ಇಂಥದೊಂದು ಸಾಧನವನ್ನು ರೂಪಿಸಿದ್ದಕ್ಕೆ, ಪಂಪು ಹಾಕಲು ದೂರದ ತೋಟಕ್ಕೆ ನಡೆದುಹೋಗುತ್ತಿದ್ದ ಅವರ ಅಜ್ಜನ ಪಾಡೇ ಕಾರಣ ಎಂದು ಓದಿದ್ದೇನೆ. ನಮ್ಮ ಕಡೆ ಈಗ ಹತ್ತಾರು ಹೆಸರಿನ ಡಬ್ಬಗಳು ಸಿಗುತ್ತವೆ.

ಇದು ಶೋಕಿಗೆ ಹಾಕಿಸುವ ವಸ್ತುವಲ್ಲ. ನಮ್ಮ ರಾಜ್ಯದಲ್ಲಿ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದರೆ ಹನ್ನೊಂದಕ್ಕೋ ಎರಡಕ್ಕೋ ಎದ್ದು ಹೋಗಬೇಕು. ಕರೆಂಟು ಬಂದ ಕೂಡಲೇ ತಾನೇ ಓಡುವ ಆಟೋ ಸ್ವಿಚ್ ಹಾಕಿಬಿಡಬಹುದಲ್ಲ ಎನ್ನುತ್ತಾರೆ. ಹಾಕುತ್ತಾರೆ, ಮತ್ತು ಒಂದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗಿನ ಹತ್ತು ಮೋಟರ್ ಒಂದೇ ಗಳಿಗೆಯಲ್ಲಿ ಎಳೆದು ಟಿಸಿ ಸುಡುತ್ತದೆ. ಆಮೇಲೆ ಹದಿನೈದು ದಿನ ಯಾರಿಗೂ ನೀರಿಲ್ಲ. ಕತ್ತಲಲ್ಲಿ ತೋಟಕ್ಕೆ ಕಾಲಿಟ್ಟವರಿಗೆ ಹಾವು ಕಡಿಯುವುದು ಎಷ್ಟು ಸಾಮಾನ್ಯ ಎಂಬುದನ್ನು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೇ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿ, ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಹೇಳಿತು. ಹಾಗಾಗಿ ಮೊಬೈಲ್ ಸ್ಟಾರ್ಟರಿಗೆ ಟವರ್ ಸಿಗದೆ ಇರುವುದನ್ನು ಮನೆಯಲ್ಲಿ ಸಿನಿಮಾ ನಿಧಾನವಾಗಿ ಓಡುವುದರ ಜೊತೆ ಇಟ್ಟು ನೋಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಬೆಳಿಗ್ಗೆ ಏಳಕ್ಕೆ ಹೋದೆ. ಮೋಟರ್ ಮನೆಯೆಂದರೆ ಆರಡಿ ಉದ್ದದ ಶೀಟಿನ ಗೂಡು. ದೊಡ್ಡಪ್ಪ ತಮ್ಮ ಫೋನ್ ತೋರಿಸಿ, "ನೋಡು, ನಾಲ್ಕು ಕಡ್ಡಿ ಐತೆ. ನನ್ ಫೋನ್‌ಗಿರೋ ಟವರ್ ಡಬ್ಬಕ್ಕೆ ಯಾಕಿಲ್ಲ? ಡಬ್ಬಾನೇ ಕೆಟ್ಟೈತೆ" ಎಂದರು. ಇದಕ್ಕೆ ಮುಂಚೆ ಇನ್ನೊಬ್ಬ ಹುಡುಗ ಮೂರು ಸಲ ಬಂದು ನೋಡಿಹೋಗಿದ್ದನಂತೆ. ಅವನು ಬಂದಾಗಲೆಲ್ಲ ಸರಿ ಇರುತ್ತಿತ್ತು, ಹೋದ ಮೇಲೆ ಕೆಡುತ್ತಿತ್ತು. ಈ ಮಾತು ಕೇಳಿದ ಮೇಲೆ ನನಗೆ ಅರ್ಧ ಕೆಲಸ ಮುಗಿದ ಹಾಗಾಯಿತು.

ಪ್ಯಾನಲ್ಲಿನ ಬಾಗಿಲು ತೆಗೆದೆ. ಮೂಲೆಯಲ್ಲಿ ಇರುವೆ ಗೂಡು ಕಟ್ಟಿದ್ದವು, ಕಾಂಟ್ಯಾಕ್ಟರಿನ ಸಂದಿಯಲ್ಲಿ ಒಣಗಿದ ಹಲ್ಲಿ. ಡಬ್ಬದ ಮೇಲಿನ ಪುಟ್ಟ ದೀಪವನ್ನು ನೋಡುತ್ತ ಕುಳಿತೆ. ನಾನು ಕೈಯಾಡಿಸುವ ಬಹುಪಾಲು ಡಬ್ಬಗಳಲ್ಲಿ ಈ ದೀಪ ಸೆಕೆಂಡಿಗೊಮ್ಮೆ ಪಟಪಟ ಮಿಟುಕಿದರೆ ಟವರ್ ಹುಡುಕುತ್ತಿದೆ ಎಂದು ಅರ್ಥ. ಮೂರು ಸೆಕೆಂಡಿಗೊಮ್ಮೆ ನಿಧಾನಕ್ಕೆ ಮಿಟುಕಿದರೆ ಟವರ್ ಸಿಕ್ಕಿದೆ. ಮೊದಲು ಪಟಪಟ ಮಿಟುಕಿತು. ಒಂದು ನಿಮಿಷ ಕಳೆಯುವುದರೊಳಗೆ ನಿಧಾನವಾಯಿತು. ಫೋನ್ ಮಾಡಿದೆ, ಮೋಟರ್ ಓಡಿತು. ನಿಲ್ಲಿಸಿ, ಬಾಗಿಲು ಮುಚ್ಚಿ, ಐದು ನಿಮಿಷ ಬಿಟ್ಟು ಮತ್ತೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ.

ಬಾಗಿಲು ತೆಗೆದರೆ ಸರಿ, ಮುಚ್ಚಿದರೆ ಇಲ್ಲ. ಒಳಗೆ ಕೈಹಾಕಿದರೆ ಆಂಟೆನಾ ವೈರು ಸುರುಳಿ ಸುತ್ತಿ ಪ್ಯಾನಲ್ಲಿನೊಳಗೇ ಇಟ್ಟಿದ್ದರು. ಮುಸಿಯಗಳು ವೈರು ಕಿತ್ತುಹಾಕುತ್ತವೆಂದು, ಮಳೆಗೆ ನೆನೆಯುತ್ತದೆಂದು ಮನೆಯ ಹುಡುಗ ಒಳಗೆ ಎಳೆದುಕೊಂಡಿದ್ದ. ಕಬ್ಬಿಣದ ಪೆಟ್ಟಿಗೆಯ ಒಳಗೆ ಆಂಟೆನಾ ಇಟ್ಟರೆ ಅದು ಕಿವಿ ಮುಚ್ಚಿಕೊಂಡು ಕೂತ ಹಾಗೆ. ನಂಬಿಸಲು ದೊಡ್ಡಪ್ಪನ ಫೋನನ್ನೇ ಪ್ಯಾನಲ್ಲಿನೊಳಗಿಟ್ಟು ಬಾಗಿಲು ಹಾಕಿ ನನ್ನ ಫೋನಿನಿಂದ ಕರೆ ಮಾಡಿದೆ. ರಿಂಗೇ ಆಗಲಿಲ್ಲ. ಮೊದಲು ಬಂದ ಹುಡುಗ ಮೂರು ಸಲವೂ ಬಾಗಿಲು ತೆರೆದಿಟ್ಟುಕೊಂಡೇ ಪರೀಕ್ಷೆ ಮಾಡಿದ್ದ. ನಾನೂ ಶುರುವಿನ ವರ್ಷಗಳಲ್ಲಿ ಇದೇ ತಪ್ಪು ಮಾಡಿ ಒಬ್ಬರಿಗೆ ಎರಡು ಡಬ್ಬ ಬದಲಾಯಿಸಿ ಕೊಟ್ಟಿದ್ದೇನೆ. ಅಂದಿನಿಂದ ಬಾಗಿಲು ಮುಚ್ಚಿ, ಮೋಟರ್ ಓಡುತ್ತಿರುವಾಗ ಹೊರಗಿನಿಂದ ಮೂರು ಸಲ ಫೋನ್ ಮಾಡಿ ನೋಡದೆ ಯಾವ ತೋಟದಿಂದಲೂ ಹೊರಡುವುದಿಲ್ಲ.

ಇನ್ನು ನಾಲ್ಕು ಕಡ್ಡಿಯ ವಿಷಯ. ಇದನ್ನು ರೈತರಿಗೆ ಬಿಡಿಸಿ ಹೇಳುವವರೇ ಇಲ್ಲ. ಫೋನಿನ ಕಡ್ಡಿಗಳಿಗೆ ಒಂದೇ ಅಳತೆ ಅಂತ ಇಲ್ಲ, ಒಂದೊಂದು ಕಂಪನಿಯ ಫೋನ್ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಅದಕ್ಕಿಂತ ದೊಡ್ಡದು, ದೊಡ್ಡಪ್ಪನ ಫೋನ್ 4ಜಿ, ಡಬ್ಬ 2ಜಿ, ಸಿಮ್ಮುಗಳೂ ಬೇರೆ ಬೇರೆ ಕಂಪನಿಯವು. ಹಳೆಯ ಡಬ್ಬಗಳಿಗೆ 2ಜಿ ಬಿಟ್ಟರೆ ಬೇರೆ ಗೊತ್ತಿಲ್ಲ. ಜಿಯೋದಲ್ಲಿ 2016ರ ಸೆಪ್ಟೆಂಬರಿನಲ್ಲಿ ಬಂದ ದಿನದಿಂದಲೂ 2ಜಿ ಇಲ್ಲವೇ ಇಲ್ಲ. ಆದ್ದರಿಂದ ಅದರ ಸಿಮ್ ತಂದು 2ಜಿ ಡಬ್ಬಕ್ಕೆ ಹಾಕಿದರೆ, ಟವರ್ ತಲೆಯ ಮೇಲೇ ಇದ್ದರೂ ದೀಪ ಪಟಪಟ ಮಿಟುಕುತ್ತಲೇ ಇರುತ್ತದೆ. ಹಾಗೆ ತಂದು ಹಾಕಿ, ಡಬ್ಬ ಕೆಟ್ಟಿದೆ ಎಂದು ಎಸೆದವರನ್ನು ನೋಡಿದ್ದೇನೆ.

ಡಬ್ಬಕ್ಕೆ ಏನು ಕಾಣುತ್ತದೋ ಅದನ್ನು ನಾವೂ ಕಾಣಬೇಕು. ನನ್ನ ಬಳಿ ಅದಕ್ಕೆಂದೇ ಒಂದು ಹಳೆಯ ಆಂಡ್ರಾಯ್ಡ್ ಫೋನ್ ಇದೆ. ಡಬ್ಬದ ಸಿಮ್ ತೆಗೆದು ಅದಕ್ಕೆ ಹಾಕುತ್ತೇನೆ, ನೆಟ್‌ವರ್ಕನ್ನು '2ಜಿ ಮಾತ್ರ' ಎಂದು ಕಟ್ಟಿಹಾಕುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಎಂದಿರುತ್ತದೆ. ಅಲ್ಲಿ ಸಿಗ್ನಲ್ ಎಷ್ಟಿದೆ ಎಂಬುದು ಡಿಬಿಎಂ ಎಂಬ ಲೆಕ್ಕದಲ್ಲಿ ಮೈನಸ್ ಅಂಕಿಯಾಗಿ ಕಾಣುತ್ತದೆ. ಮೈನಸ್ 70 ಎಂದರೆ ಚೆನ್ನಾಗಿದೆ, ಮೈನಸ್ 90 ಎಂದರೆ ನಡೆಯುತ್ತದೆ, ಮೈನಸ್ 100 ದಾಟಿತೆಂದರೆ ನಂಬುವ ಹಾಗಿಲ್ಲ. ಮೂರು ಅಂಕಿ ಕುಸಿದರೆ ಶಕ್ತಿ ಅರ್ಧವಾಯಿತು, ಹತ್ತು ಕುಸಿದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು ಎಂದು ಲೆಕ್ಕ.

ದೊಡ್ಡಪ್ಪನ ಮೋಟರ್ ಮನೆ ಬಾಗಿಲಲ್ಲಿ ಎದೆಯೆತ್ತರಕ್ಕೆ ಹಿಡಿದರೆ ಮೈನಸ್ 97 ಬಂತು. ತೆಂಗಿನ ಮರಕ್ಕೆ ಏಣಿ ಒರಗಿಸಿ ಹದಿನೈದು ಅಡಿ ಮೇಲೆ ಹತ್ತಿ ಹಿಡಿದೆ: ಮೈನಸ್ 86. ಹನ್ನೊಂದು ಅಂಕಿ ಎಂದರೆ ಹನ್ನೆರಡು ಪಟ್ಟು ಹೆಚ್ಚು. ಯಾವ ಹೊಸ ಯಂತ್ರವನ್ನೂ ಕೊಳ್ಳದೆ, ಬರೀ ಎತ್ತರದಿಂದ ಸಿಕ್ಕಿದ್ದು. ಅಂಗಡಿಯಿಂದ ಒಂದು ಜಿಐ ಪೈಪ್ ತರಿಸಿ, ಮೋಟರ್ ಮನೆಯ ಗೋಡೆಗೆ ಕ್ಲಾಂಪ್ ಹಾಕಿ ನಿಲ್ಲಿಸಿ, ತುದಿಗೆ ಆಂಟೆನಾ ಕಟ್ಟಿದೆ. ಮುಸಿಯಗಳ ಕೈಗೆ ಸಿಗದ ಹಾಗೆ ವೈರನ್ನು ಪೈಪಿನೊಳಗೇ ಇಳಿಬಿಟ್ಟೆ.

ವೈರಿನ ಬಗ್ಗೆಯೂ ಒಂದು ಮಾತು. ಡಬ್ಬದ ಜೊತೆ ಬರುವ ತೆಳ್ಳನೆಯ ವೈರಿಗೆ ಇನ್ನೊಂದು ವೈರು ಜೋಡಿಸಿ ಹತ್ತು ಮೀಟರ್ ಎಳೆದರೆ, ಏಣಿ ಹತ್ತಿ ಗಳಿಸಿದ್ದೆಲ್ಲ ವೈರಿನೊಳಗೇ ಖರ್ಚಾಗಿ ಹೋಗುತ್ತದೆ. ಆ ತೆಳು ವೈರು ಮೀಟರಿಗೆ ಹತ್ತಿರ ಹತ್ತಿರ ಒಂದು ಡೆಸಿಬೆಲ್ ತಿನ್ನುತ್ತದೆ. ಸ್ವಲ್ಪ ದಪ್ಪದ ಆರ್‌ಜಿ 58 ಕೇಬಲ್ ಅದರ ಅರ್ಧ ತಿನ್ನುತ್ತದೆ. ನಾನು ಹಾಕಿದ್ದು ಆರ್‌ಜಿ 58, ಐದೂವರೆ ಮೀಟರ್. ಕೇಬಲನ್ನು ನೇರ ಕೆಳಗಿಳಿಸಿ ಪ್ಯಾನಲ್ಲಿಗೆ ನುಗ್ಗಿಸದೆ, ತೂತಿನ ಕೆಳಗೆ ಒಂದು ಕುಣಿಕೆಯಷ್ಟು ಇಳಿಸಿ ಮೇಲಕ್ಕೆ ತಿರುಗಿಸಿದೆ, ಮಳೆನೀರು ಕೇಬಲ್ ಹಿಡಿದು ಒಳಗೆ ಬರದೆ ಅಲ್ಲೇ ತೊಟ್ಟಿಕ್ಕಲಿ ಎಂದು. ಕೇಬಲ್ ತುದಿಯ ಹಿತ್ತಾಳೆ ತಿರುಪಿಗೆ ನೀರು ಸೇರಿ ಹಸಿರು ಕಟ್ಟಿತೆಂದರೆ ಮುಗಿಯಿತು. ಕೊನೆಗೆ ಡಬ್ಬಕ್ಕೆ ಮೆಸೇಜ್ ಕಳಿಸಿ ಸಿಗ್ನಲ್ ಕೇಳಿದೆ. 0ಯಿಂದ 31ರವರೆಗಿನ ಲೆಕ್ಕದಲ್ಲಿ 12 ಎಂದು ಉತ್ತರ ಬಂತು. ಅದನ್ನು ಎರಡರಿಂದ ಗುಣಿಸಿ 113ರಲ್ಲಿ ಕಳೆದರೆ 89, ಅಂದರೆ ಮೈನಸ್ 89. ಬಾಗಿಲು ಮುಚ್ಚಿ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಮೋಟರ್ ಓಡಿತು. ದೊಡ್ಡಪ್ಪ ಮಾತಾಡದೆ ಎಳನೀರು ಕೊಚ್ಚಲು ಹೋದರು.

ಎಲ್ಲ ಕಡೆ ಇಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ. ಒಬ್ಬರ ಡಬ್ಬದಲ್ಲಿ ದೀಪ ಸರಿಯಾಗಿಯೇ ಮಿಟುಕುತ್ತಿತ್ತು, ಫೋನ್ ಬಂದ ಕೂಡಲೇ ಸತ್ತು ಮತ್ತೆ ಹುಟ್ಟುತ್ತಿತ್ತು. ಎರಡು ದಿನ ತಲೆಕೆಡಿಸಿಕೊಂಡೆ. ಟವರ್ ದೂರವಾದಷ್ಟೂ ಡಬ್ಬದೊಳಗಿನ ಮಾಡ್ಯೂಲ್ ಜೋರಾಗಿ ಕೂಗಬೇಕಾಗುತ್ತದೆ. ಆ ಕೂಗಿಗೆ ಕ್ಷಣಮಾತ್ರಕ್ಕೆ ಎರಡು ಆಂಪಿಯರ್‌ವರೆಗೆ ಕರೆಂಟು ಎಳೆಯುತ್ತದೆ. ರಾತ್ರಿ ಎಲ್ಲರ ಮೋಟರ್ ಓಡುವಾಗ ನಮ್ಮ ಲೈನಿನಲ್ಲಿ 415 ವೋಲ್ಟ್ ಇರಬೇಕಾದ್ದು 340ಕ್ಕೆ ಇಳಿದಿರುತ್ತದೆ. ಡಬ್ಬದ ಪವರ್ ಸಪ್ಲೈ ಹಳತಾಗಿ ಕೆಪಾಸಿಟರ್ ಉಬ್ಬಿತ್ತು. ಕೂಗಲು ಹೋದಾಗ ಉಸಿರು ಸಾಲದೆ ಬಿದ್ದುಹೋಗುತ್ತಿತ್ತು. ಮೂವತ್ತು ರೂಪಾಯಿಯ ಕೆಪಾಸಿಟರ್ ಬದಲಾಯಿಸಿದೆ, ಸರಿಹೋಯಿತು. ಸಿಗ್ನಲ್ ಇಲ್ಲ ಎಂದು ಅವರು ಅಷ್ಟರಲ್ಲಿ ಮೂರು ಸಿಮ್ ಬದಲಾಯಿಸಿದ್ದರು.

ತಿಪಟೂರು ಕಡೆಯ ಒಂದು ಅಡಿಕೆ ತೋಟದಲ್ಲಿ ಬೇಸಿಗೆಯಿಡೀ ಚೆನ್ನಾಗಿ ನಡೆದ ಡಬ್ಬ ಆಷಾಢದ ಜಡಿಮಳೆಗೆ ನಿಂತಿತು. ಒದ್ದೆ ಎಲೆ ಸಿಗ್ನಲ್ಲನ್ನು ಹೀರಿಕೊಳ್ಳುತ್ತದೆ. ಆಂಟೆನಾ ಹಾಕುವಾಗ ಅಡಿಕೆ ಸಸಿ ಆಳೆತ್ತರ ಇದ್ದವು, ಆರು ವರ್ಷದಲ್ಲಿ ಗರಿಗಳು ಆಂಟೆನಾವನ್ನು ದಾಟಿ ಮೇಲೆ ಹೋಗಿದ್ದವು. ಅಲ್ಲಿ ಟವರಿನ ದಿಕ್ಕಿಗೆ ತಿರುಗಿಸಿ ಕಟ್ಟುವ ಯಾಗಿ ಆಂಟೆನಾ ಹಾಕಬೇಕಾಯಿತು, ಹಳೆಯ ಟಿವಿ ಆಂಟೆನಾದ ಹಾಗಿರುತ್ತದಲ್ಲ, ಅದು. ಟವರ್ ಯಾವ ದಿಕ್ಕಿಗಿದೆ ಎಂಬುದನ್ನು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ನೋಡಿಕೊಂಡೆ. ಸುತ್ತಲಿನ ಟವರುಗಳನ್ನು ನಕ್ಷೆಯ ಮೇಲೆ ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ.

ಇನ್ನೊಂದು ಡಬ್ಬ ಕೆಡುತ್ತಿದ್ದುದು ಸಿಮ್ಮಿನಲ್ಲಿ ರೀಚಾರ್ಜ್ ಆಫರಿನ ಮೆಸೇಜುಗಳು ತುಂಬಿ ಜಾಗ ಇಲ್ಲದೆ ಹೋಗಿ. ಅಳಿಸಿದೆ, ನಡೆಯಿತು.

ಬೂಸ್ಟರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಆನ್‌ಲೈನಿನಲ್ಲಿ ಮೂರು ಸಾವಿರಕ್ಕೆ ಸಿಗುತ್ತದೆ, ಹಾಕಿಬಿಡೋಣವೇ ಎಂದು. ಬೇಡ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ, ಮತ್ತು ಆ ಕಾನೂನಿಗೆ ಕಾರಣವಿದೆ. ಅಡ್ಡಾದಿಡ್ಡಿ ಕೂರಿಸಿದ ಬೂಸ್ಟರ್ ತನ್ನ ದನಿಯನ್ನೇ ತಾನು ಕೇಳಿಸಿಕೊಂಡು ಅರಚತೊಡಗುತ್ತದೆ. ಮದುವೆ ಮನೆಯಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದರೆ ಕಿವಿಗೆ ಬಡಿಯುವ ಹಾಗೆ ಸದ್ದಾಗುತ್ತದಲ್ಲ, ಹಾಗೆ. ಆ ಸದ್ದಿನಲ್ಲಿ ಟವರಿಗೆ ಉಳಿದವರ ಮಾತು ಕೇಳುವುದಿಲ್ಲ. ನಮ್ಮ ಪಕ್ಕದ ಊರಿನಲ್ಲಿ ಒಬ್ಬರು ಹಾಕಿ, ಸುತ್ತಲಿನ ಮನೆಗಳಲ್ಲಿ ಫೋನ್ ಕಟ್ಟಾಗತೊಡಗಿ, ಜಗಳವಾಗಿ, ನಾನೇ ಹೋಗಿ ಬಿಚ್ಚಿಸಿದೆ. ಪೈಪು, ಕೇಬಲ್, ಆಂಟೆನಾ ಇವುಗಳಿಗೆ ಯಾರ ಅಡ್ಡಿಯೂ ಇಲ್ಲ.

ಇಷ್ಟೆಲ್ಲ ಮಾಡಿದರೂ ಸಿಗ್ನಲ್ ಸಿಗದ ತೋಟಗಳಿವೆ. ನನ್ನ ಸಿಟ್ಟಿರುವುದು ಅಲ್ಲಿ.

ಎರಡು ವರ್ಷದ ಹಿಂದೆ ಬೋರನಕಣಿವೆ ಕಡೆಯ ಗುಡ್ಡದ ಬುಡದ ಏಳು ತೋಟಗಳ ಪರವಾಗಿ ನಾನು ಒಂದು ಮೊಬೈಲ್ ಕಂಪನಿಗೆ ದೂರು ಬರೆದೆ. ಒಂದೊಂದು ಬೋರಿನ ಹತ್ತಿರವೂ ನಿಂತು ಅಳೆದ ಅಂಕಿ, ಸಮಯ, ಜಾಗದ ಗುರುತು ಎಲ್ಲವನ್ನೂ ಕೊಟ್ಟಿದ್ದೆ. ಹನ್ನೊಂದು ದಿನಕ್ಕೆ ಮೆಸೇಜ್ ಬಂತು: ನಿಮ್ಮ ಗ್ರಾಮದಲ್ಲಿ ಸೇವೆ ಲಭ್ಯವಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ. ಸುಳ್ಳಲ್ಲ. ಗ್ರಾಮದಲ್ಲಿ ಸೇವೆ ಇದೆ. ದೇವಸ್ಥಾನದ ಕಟ್ಟೆಯ ಮೇಲೆ ನಿಂತರೆ ಮೈನಸ್ 65 ಬರುತ್ತದೆ. ಆದರೆ ದೇವಸ್ಥಾನದ ಕಟ್ಟೆಯಲ್ಲಿ ಬೋರಿಲ್ಲವಲ್ಲ.

ಇಡೀ ದೇಶದ ಲೆಕ್ಕವೇ ಹೀಗಿದೆ. 2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ ನೆಟ್‌ವರ್ಕ್ ಇಲ್ಲದ ಊರುಗಳಿಗೆಲ್ಲ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 24,680 ಗ್ರಾಮಗಳು ಎಂದು ಎಣಿಸಿದರು. ಒಳ್ಳೆಯ ಕೆಲಸ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಎಣಿಸಿದ್ದು ಗ್ರಾಮವನ್ನು. ಗ್ರಾಮ ಎಂದರೆ ಮನೆಗಳಿರುವ ಜಾಗ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನೆಟ್‌ವರ್ಕ್ ಹೇಗಿದೆ ಎಂದು ಕಾರಿನಲ್ಲಿ ಯಂತ್ರವಿಟ್ಟುಕೊಂಡು ಪರೀಕ್ಷೆ ಮಾಡಿಸುತ್ತದೆ. ಕಾರು ಓಡುವುದು ರಸ್ತೆಯ ಮೇಲೆ. 2024ರ ಹೊಸ ನಿಯಮಗಳಲ್ಲಿ ಕಂಪನಿಗಳು ತಮ್ಮ ನೆಟ್‌ವರ್ಕ್ ಎಲ್ಲೆಲ್ಲಿ ಇದೆ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕು ಎಂದು ಟ್ರಾಯ್ ಹೇಳಿದೆ. ಇದು ನಿಜಕ್ಕೂ ಮುಂದಿಟ್ಟ ಹೆಜ್ಜೆ. ಆ ನಕ್ಷೆಯಲ್ಲಿ ನಮ್ಮ ತಾಲ್ಲೂಕನ್ನು ನೋಡಿದೆ, ನಾನು ಮೈನಸ್ 105 ಅಳೆದ ಹೊಲಗಳ ಮೇಲೆಯೂ ಬಣ್ಣ ಬಳಿದಿದೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಬಣ್ಣಕ್ಕೆ ಬೋರಿನ ಹತ್ತಿರ ನಿಂತು ಅಳೆದ ಅಂಕಿಯ ಜವಾಬು ಬೇಕು. ಮೋಟರ್ ಮನೆ ಹಳ್ಳದಲ್ಲಿದೆಯೇ, ಮೇಲೆ ಗರಿ ಇದೆಯೇ ಎಂಬುದು ಕಂಪ್ಯೂಟರಿಗೆ ಗೊತ್ತಿರುವುದಿಲ್ಲ.

ಬೇರೆ ಲೆಕ್ಕವೂ ಸಾಧ್ಯ. ಬ್ರಿಟನ್ನಿನಲ್ಲಿ 2020ರ ಮಾರ್ಚ್‌ನಲ್ಲಿ ಸರ್ಕಾರ ಮತ್ತು ಮೊಬೈಲ್ ಕಂಪನಿಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಅದರ ಗುರಿ 2025ರ ಕೊನೆಯೊಳಗೆ ದೇಶದ ನೆಲದ ನೂರಕ್ಕೆ 95 ಭಾಗಕ್ಕೆ ಯಾವುದಾದರೂ ಒಂದು ಕಂಪನಿಯ 4ಜಿ ಸಿಗಬೇಕು ಎಂಬುದು. ಮನೆಗಳ ನೂರಕ್ಕೆ 95 ಅಲ್ಲ, ನೆಲದ ನೂರಕ್ಕೆ 95. ಕುರಿ ಮೇಯುವ ಗುಡ್ಡವೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ರಾಗಿ ಬೆಳೆಯುವ ಹೊಲ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿನ ನೆಲ ದೊಡ್ಡದು, ದುಡ್ಡು ಹೆಚ್ಚು ಬೇಕು ಎಂಬುದನ್ನು ಬಲ್ಲೆ. ಮೊದಲು ಎಣಿಸಲಿ. ಎಣಿಸದ ಕೊರತೆಗೆ ಯಾರೂ ಹಣ ಇಡುವುದಿಲ್ಲ.

ಎಣಿಸುವುದು ಕಷ್ಟವೂ ಅಲ್ಲ. ಬೆಸ್ಕಾಂನಂಥ ವಿದ್ಯುತ್ ಕಂಪನಿಗಳ ಬಳಿ ಒಂದೊಂದು ಪಂಪ್‌ಸೆಟ್ಟಿಗೂ ಆರ್‌ಆರ್ ನಂಬರ್ ಇದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತದೆ, ಹಾಗಾಗಿ ಪಟ್ಟಿ ಇದ್ದೇ ಇದೆ. ಆ ಪಟ್ಟಿಯ ಒಂದೊಂದು ಬೋರಿನ ಹತ್ತಿರ ಒಬ್ಬರು ನಿಂತು ಫೋನಿನಲ್ಲಿ ಯಾವ ಕಂಪನಿಯ ಸಿಗ್ನಲ್ ಎಷ್ಟು ಎಂದು ಬರೆದುಕೊಂಡರೆ ಐದು ನಿಮಿಷದ ಕೆಲಸ. ಐಟಿಐ ಮುಗಿಸಿದ ಹುಡುಗ ಹುಡುಗಿಯರು ಪ್ರತಿ ಹೋಬಳಿಯಲ್ಲಿದ್ದಾರೆ, ದಿನಗೂಲಿ ಕೊಟ್ಟು ಈ ಕೆಲಸ ಮಾಡಿಸಲಿ. ಅದು ನಕ್ಷೆಯಾದರೆ ಯಾವ ಗುಡ್ಡದ ಮೇಲೆ ಟವರ್ ಬೇಕು ಎಂಬುದು ತಾನೇ ಕಾಣುತ್ತದೆ.

ಡಬ್ಬ ಮಾರುವವರನ್ನೂ ನಾನು ಬಿಡುವುದಿಲ್ಲ, ಅವರಲ್ಲಿ ನಾನೂ ಒಬ್ಬ. ತೋಟಕ್ಕೆ ಹೋಗಿ ಅಳೆಯದೆ ಮೊಬೈಲ್ ಸ್ಟಾರ್ಟರ್ ಮಾರುವುದನ್ನು ನಿಲ್ಲಿಸಬೇಕು. ಬೋರ್ ಕೊರೆಯುವ ಮುಂಚೆ ತೆಂಗಿನಕಾಯಿ ಹಿಡಿದಾದರೂ ಜಾಗ ನೋಡುತ್ತೇವೆ, ಹತ್ತು ಸಾವಿರದ ಯಂತ್ರಕ್ಕೆ ಜಾಗ ನೋಡುವುದಿಲ್ಲ. ಪೆಟ್ಟಿಗೆಯ ಮೇಲೆ ಇದು 2ಜಿಯೋ 4ಜಿಯೋ, ಯಾವ ಕಂಪನಿಯ ಸಿಮ್ ನಡೆಯುತ್ತದೆ, ಎಷ್ಟು ಸಿಗ್ನಲ್ ಇದ್ದರೆ ಕೆಲಸ ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿರಬೇಕು. ಸರ್ಕಾರ ಸಹಾಯಧನ ಕೊಡುವ ಯಾವುದೇ ಯಂತ್ರಕ್ಕೆ ಇದನ್ನು ಕಡ್ಡಾಯ ಮಾಡಬಹುದು.

2ಜಿ ಬಗ್ಗೆ ನನ್ನ ಭಯ ಬೇರೆಯೇ ಇದೆ. ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ದೆಹಲಿಗೆ. ಅದಕ್ಕೆ 25 ವರ್ಷ ತುಂಬಿದ ದಿನ ಜಿಯೋದ ಮುಕೇಶ್ ಅಂಬಾನಿ ಅವರು ಭಾರತ 2ಜಿಯಿಂದ ಮುಕ್ತವಾಗಬೇಕು ಎಂದರು. ಅವರು ಮಾತಾಡಿದ್ದು ಕೈಯಲ್ಲಿ ಹಳೆಯ ಫೋನ್ ಹಿಡಿದ ಜನರ ಬಗ್ಗೆ. ಆ ಜನ ಹೊಸ ಫೋನ್ ಕೊಂಡಾರು. ಪ್ಯಾನಲ್ಲಿನೊಳಗಿರುವ ಡಬ್ಬ ತಾನಾಗಿ ಹೋಗಿ ಹೊಸದಾಗುವುದಿಲ್ಲ. ಹೊಸ ತಂತ್ರಜ್ಞಾನ ಬೇಡ ಎಂದು ನಾನು ಹೇಳುತ್ತಿಲ್ಲ. 4ಜಿ ಡಬ್ಬಗಳು ಬಂದಿವೆ, ನಾನೇ ಹಾಕುತ್ತಿದ್ದೇನೆ. ಆದರೆ ಒಂದು ಟವರಿನಲ್ಲಿ 2ಜಿ ನಿಲ್ಲಿಸುವ, ಇಲ್ಲವೇ ಅದರ ಪಾಲನ್ನು ಕಡಿಮೆ ಮಾಡುವ ಮುಂಚೆ ಆ ಟವರಿನ ಕೆಳಗಿನ ಗ್ರಾಮ ಪಂಚಾಯಿತಿಗೆ ಒಂದು ವರ್ಷ ಮೊದಲು ಬರೆದು ತಿಳಿಸಲಿ. ಬೋರ್ಡಿನ ಮೇಲೆ ಅಂಟಿಸಲಿ. ಈಗ ಒಂದು ದಿನ ಬೆಳಿಗ್ಗೆ ಎದ್ದರೆ ದೀಪ ಪಟಪಟ ಮಿಟುಕುತ್ತಿರುತ್ತದೆ, ಕಾರಣ ಯಾರಿಗೂ ಗೊತ್ತಿರುವುದಿಲ್ಲ.

ರೀಚಾರ್ಜ್ ವಿಷಯವೂ ಹೀಗೇ. ಡಬ್ಬ ದಿನಕ್ಕೆ ನಾಲ್ಕು ಕರೆ ತೆಗೆದುಕೊಳ್ಳುತ್ತದೆ, ಒಂದೆರಡು ಮೆಸೇಜ್ ಕಳಿಸುತ್ತದೆ. ಅದಕ್ಕೂ ದಿನಕ್ಕಿಷ್ಟು ಜಿಬಿ ಡೇಟಾ ಸೇರಿಸಿದ ಪ್ಯಾಕ್ ಹಾಕಿಸಿ ಎಂದರೆ ಹೇಗೆ? 2024ರ ಡಿಸೆಂಬರಿನಲ್ಲಿ ಟ್ರಾಯ್, ಡೇಟಾ ಇಲ್ಲದೆ ಬರೀ ಕರೆ ಮತ್ತು ಮೆಸೇಜಿನ ಪ್ಯಾಕುಗಳನ್ನು ಕೊಡಲೇಬೇಕೆಂದು ಕಂಪನಿಗಳಿಗೆ ಹೇಳಿತು, ಅಂಥ ವೋಚರುಗಳ ಅವಧಿಯನ್ನು 365 ದಿನದವರೆಗೆ ಹಿಗ್ಗಿಸಿತು. ನಮ್ಮ ಕೆಲಸಕ್ಕೆ ಅದರಿಂದ ಉಪಯೋಗವಾಗಿದೆ. ಆದರೆ ಅವೂ ಮನುಷ್ಯ ಮಾತಾಡುವ ಲೆಕ್ಕದಲ್ಲಿ ಬೆಲೆ ಕಟ್ಟಿದವು, ಬೋರಿಗೆ ದುಬಾರಿ. ಯಂತ್ರಗಳಿಗೆಂದೇ 13 ಅಂಕಿಯ ಸಂಖ್ಯೆಯ ಸಿಮ್ಮುಗಳಿವೆ, ಅವನ್ನು ದೊಡ್ಡ ಕಂಪನಿಗಳು ಸಾವಿರಗಟ್ಟಲೆ ಕೊಳ್ಳುತ್ತವೆ. ಎರಡು ಎಕರೆಯ ರೈತನಿಗೆ ಒಂದೇ ಒಂದು ಸಿಮ್ ಹೋಬಳಿಯ ಅಂಗಡಿಯಲ್ಲಿ, ವರ್ಷಕ್ಕೊಂದು ಸಣ್ಣ ಮೊತ್ತಕ್ಕೆ ಸಿಗುವಂತಾಗಲಿ. ಬಿತ್ತನೆಯ ಗಡಿಬಿಡಿಯಲ್ಲಿ ರೀಚಾರ್ಜ್ ಮರೆತು, ಅವಧಿ ಮುಗಿದು, ಒಳಬರುವ ಕರೆಯೂ ನಿಂತು, ನಾನು ಇಪ್ಪತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಹೋಗಿ ನೋಡಿದರೆ ಡಬ್ಬ ಗಟ್ಟಿಯಾಗಿಯೇ ಇರುತ್ತದೆ. ಇಂಥ ದಿನಗಳು ವರ್ಷಕ್ಕೆ ಎಷ್ಟೋ.

ದೊಡ್ಡಪ್ಪನಿಗೆ ಇನ್ನೊಂದು ಬೋರಿದೆ. ಹಳ್ಳದ ಆಚೆ, ಗುಡ್ಡದ ಮಗ್ಗುಲಿಗೆ. ಮೊದಲ ತೋಟ ಸರಿಯಾದ ಮೇಲೆ ಅದಕ್ಕೂ ಒಂದು ಡಬ್ಬ ಹಾಕಪ್ಪಾ ಎಂದು ದುಡ್ಡು ಕೈಗಿಟ್ಟರು. ಏಣಿ, ಫೋನು, ನಾಲ್ಕು ಕಂಪನಿಯ ಸಿಮ್ಮು ಹಿಡಿದು ಹೋದೆ. ನೆಲದ ಮೇಲೆ ಸಿಗಲಿಲ್ಲ. ಹದಿನೈದು ಅಡಿಗೆ ಸಿಗಲಿಲ್ಲ. ಎರಡು ಪೈಪು ಜೋಡಿಸಿ ಮೂವತ್ತು ಅಡಿಗೆ ಯಾಗಿ ಏರಿಸಿ, ಅರ್ಧ ದಿನ ಒಂದೊಂದೇ ದಿಕ್ಕಿಗೆ ತಿರುಗಿಸಿದೆ. ಒಂದು ದಿಕ್ಕಿನಲ್ಲಿ ಮೈನಸ್ 108 ಬಂತು, ಗಾಳಿ ಬೀಸಿದಾಗ ಅದೂ ಹೋಯಿತು. ದುಡ್ಡು ವಾಪಸ್ ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. "ನಿನ್ಹತ್ರಾನೇ ಇರ್ಲಿ, ಟವರ್ ಬಂದ್ ದಿನ ಹಾಕೊಡು" ಎಂದರು.

ಮೂರು ಸಾವಿರ ಹೆಚ್ಚು ಖರ್ಚಾದರೂ ಸರಿಯೇ ಎಂದು ಅವರು ಎಣಿಸಿಟ್ಟ ಹನ್ನೆರಡು ಸಾವಿರ ನನ್ನ ಅಂಗಡಿಯ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಹಾಗೇ ಇದೆ. ಈ ವಾರ ನಮ್ಮ ಫೀಡರಿಗೆ ರಾತ್ರಿ ಪಾಳಿ. ನಿನ್ನೆ ಒಂದೂವರೆಗೆ ಎಚ್ಚರವಾಗಿ ಕಿಟಕಿಯಿಂದ ನೋಡಿದೆ, ಹಳ್ಳದ ಆಚೆ ಒಂದು ಟಾರ್ಚ್ ಬೆಳಕು ಗುಡ್ಡದ ಕಡೆಗೆ ಹೋಗುತ್ತಿತ್ತು.